ಒಂಬತ್ತನೆಯ ಗೆರೆ

ಹೆಸರೇನೋ ಮೊದಲೇ ಇತ್ತು, ಕುವೆಲ್ಲೊ ರೇಡಿಯೋ ವರ್ಕ್ಸ್,
ಫಳ್ನೀರಿನ ಇಳಿಜಾರಲ್ಲಿ, ಸೋಡಾ ಅಂಗಡಿಗೆ ತಾಗಿ.
ಚಿತ್ರ ಎಂತದು ಬೇಕೆಂದು ಸಿಪ್ರಿಯನ್ ಪೊರ್ಬುಗಳಿಗೇ ಗೊತ್ತಿರಲಿಲ್ಲ.
"ಅಲೆ ಬರಬೇಕು ಕಾಂತಪ್ಪ, ಗಾಳಿಯಲ್ಲಿ ಬರುತ್ತದಲ್ಲ, ಆ ಅಲೆ.
ನೀರಿನದು ಬೇಡ."

ನಾನು ಮೂರು ದಿನ ಗಾಳಿಯನ್ನೇ ನೋಡಿದೆ.

ನಾಲ್ಕನೆಯ ದಿನ ಮನೆಯಲ್ಲಿ ಮರುವಾಯಿ ಸುಕ್ಕ.
ತಟ್ಟೆಯ ಅಂಚಿಗೆ ಗುಡ್ಡೆ ಹಾಕಿದ ಚಿಪ್ಪುಗಳಲ್ಲಿ ಒಂದನ್ನು ತೊಳೆದು
ಬೆಳಕಿಗೆ ಹಿಡಿದರೆ
ಒಂದೇ ಮೂಲೆಯಿಂದ ಹೊರಟು ಹರಡುವ ಬಾಗು ಗೆರೆಗಳು,
ಒಂದರ ಹಿಂದೆ ಒಂದು,
ಯಾರೋ ದೂರದಲ್ಲಿ ವಾರ್ತೆ ಓದುತ್ತಿರುವ ಹಾಗೆ.

ಎಣಿಸಿದೆ, ಎಂಟು.
ತಗಡಿನ ಮೇಲೆ ಒಂಬತ್ತಾಯಿತು.
ಕೆಳಗೆ ಸಿಟಿ ಬಸ್ಸಿನ ಕಂಡಕ್ಟರ್ ಊದಿದ ಸೀಟಿಗೆ ಬೆಚ್ಚಿ
ಏಣಿ ಅಲುಗಿತು, ಬ್ರಶ್ಶು ಹೊರಗೆ ಜಾರಿತು.
ಜಾರಿದ್ದನ್ನು ಹಾಗೇ ಬಾಗಿಸಿ
ಅರ್ಧಕ್ಕೆ ನಿಲ್ಲಿಸಿದೆ.
ಒರೆಸಲು ಟರ್ಪೆಂಟೈನ್ ಮುಗಿದಿತ್ತು, ಅಷ್ಟೇ.
ಬಲ ಮೂಲೆಯಲ್ಲಿ, ಕಿರುಬೆರಳ ಉಗುರಿನಷ್ಟು, ನನ್ನ ಹೆಸರು.

ಸ್ಟೆಬಿಲೈಸರ್ ಬಂದ ವರ್ಷ ಚಿಪ್ಪಿಗೆ ನೆರಳು ಕೇಳಿದರು, ಕೊಟ್ಟೆ.
ಕಂಪ್ಯೂಟರ್ ಬಂದ ವರ್ಷ ಮಿಂಚು ಕೇಳಿದರು,
ಅಲ್ಯುಮಿನಿಯಂ ಪೈಂಟು ಬಳಿದು, ಹತ್ತಿಯಲ್ಲಿ ಉಜ್ಜಿ ಕೊಟ್ಟೆ.
ಉಬ್ಬಿಕೊಂಡು ಹೊಳೆಯಿತು ಅದು, ಆಗಷ್ಟೇ ಹೊಳೆಯಿಂದ ತೆಗೆದ ಹಾಗೆ.

ಫ್ಲೆಕ್ಸ್ ಬಂದ ವರ್ಷ ಯಾರೂ ಏನೂ ಕೇಳಲಿಲ್ಲ.
ಮೂಲೆಯ ಹೆಸರು ಆ ವರ್ಷ ಹೋಯಿತು.
ಯಂತ್ರಕ್ಕೆ ಅದು ಬರೇ ಕಲೆಯಾಗಿ ಕಂಡಿರಬೇಕು.
ಕಲೆಯೇ ಹೌದಲ್ಲ.

ಆಮೇಲೆ ಮಗಳು ಜೆಸಿಂತಾ ಕುರ್ಚಿಗೆ ಬಂದಳು.
ರೇಡಿಯೋ ಹೋಯಿತು, ವರ್ಕ್ಸ್ ಹೋಯಿತು, ಕೊನೆಗೆ ಕುವೆಲ್ಲೊ ಕೂಡ;
ಚಿಪ್ಪಿನಿಂದಲೇ ಹೊಸ ಹೆಸರು, "ಮರ್ವ".
ನೆರಳು ತೆಗೆದರು, ಮಿಂಚು ತೆಗೆದರು.
ಗೆರೆ ಐದಾಯಿತು,
ಎರಡು ವರ್ಷಕ್ಕೆ ಮೂರು.
"ಸಣ್ಣ ಪರದೆಯಲ್ಲಿ ಅಷ್ಟೆಲ್ಲ ಗೆರೆ ಕಾಣುವುದಿಲ್ಲ ಅಂಕಲ್."
ಕಾಣಲಿಕ್ಕಿಲ್ಲ. ನನಗೂ ಈಗ ಕಾಣುವುದಿಲ್ಲ.

ಬಿಜೈಯ ಹೊಸ ಆಫೀಸಿಗೆ ನನ್ನನ್ನೂ ಕರೆದಿದ್ದಳು, ಒಳ್ಳೆಯ ಹುಡುಗಿ.
ಕೋಣೆ ಕತ್ತಲು ಮಾಡಿದರು. ಗೋಡೆಯ ತುಂಬ ಬೆಳಕು.
ಚಿಪ್ಪಿಲ್ಲ.
ಒಂದೇ ಒಂದು ಗೆರೆ, ಅರ್ಧಕ್ಕೆ ನಿಂತದ್ದು.
ಕಪ್ಪು ಅಂಗಿಯ ಹುಡುಗನೊಬ್ಬ ವಿವರಿಸಿದ:
"ಇದು ಮುಗಿಯದ ಪಯಣ, ನಾಳೆಗೆ ತೆರೆದಿಟ್ಟ ಬಾಗಿಲು.
ಸ್ಥಾಪಕರು ಅಂದೇ ಕಂಡ ಕನಸು."
ಚಪ್ಪಾಳೆ. ನಾನೂ ತಟ್ಟಿದೆ.
ನಲ್ವತ್ತು ವರ್ಷದ ಹಿಂದಿನ ಆ ಸೀಟಿ ಕಿವಿಯೊಳಗೆ ಊದಿತು.
ಹೇಳಿಬಿಡಲೋ ಎಂದು ಬಾಯಿ ತೆರೆದೆ,
ಕೇಕು ತಂದು ಇಟ್ಟರು.

ಇಂದು ಬೆಳಿಗ್ಗೆ ಬೆಂಗ್ರೆಯ ಹೆಂಗಸು ಒಂದು ಸೇರು ಮರುವಾಯಿ ಕೊಟ್ಟು ಹೋದಳು.
ದೊಡ್ಡದೊಂದನ್ನು ಎತ್ತಿಕೊಂಡೆ, ಹಳೆಯ ಜೀವ.
ವಯಸ್ಸು ಹೋದ ಹಾಗೆ ಗೆರೆ ಸೇರಿಸುತ್ತಾ ಬಂದಿದೆ,
ಒಂದನ್ನೂ ಅಳಿಸಿಲ್ಲ,
ನೀರು ಕೆಟ್ಟ ವರ್ಷದ್ದನ್ನೂ.
ಉಗುರು ಓಡಿಸಿ ಎಣಿಸುತ್ತ ಕೂತೆ.
ಹನ್ನೊಂದಕ್ಕೆ ತಪ್ಪಿತು.
ಮತ್ತೆ ಒಂದರಿಂದ.

"ಇನ್ನೂ ಆಗಲಿಲ್ಲವಾ ನಿಮ್ಮ ಲೆಕ್ಕ?
ನೀರು ಕುದಿಯುತ್ತಾ ಉಂಟು, ಕೊಡಿ ಇಲ್ಲಿ."