ಅತ್ತ

ತೆಂಗಿನಕಾಯಿ ತೋರಿಸಿ ತಮ್ಮ "ತಾಯಿ" ಅಂದಾಗ
ಅಮ್ಮ ನಕ್ಕಿದ್ದಳು. ಆಗ ಅವನಿಗೆ ಮೂರು.
ಆರು ತುಂಬಿದರೂ ಕಾಳು ತಾಳು, ಗಾಳಿ ದಾಳಿ,
ಬಾವಿಕಟ್ಟೆಯಲ್ಲಿ ಕಪ್ಪೆ ಕಂಡು ಓಡಿ ಬಂದು
"ತಪ್ಪೆ! ತಪ್ಪೆ!" ಎಂದರೆ
ತಪ್ಪಲ್ಲ ಮಗಾ ಎಂದು ನಾವು ಯಾರೂ ಹೇಳಲಿಲ್ಲ.
ನಾನು ಅವನ ಅಕ್ಕ. ಅವನ ಬಾಯಲ್ಲಿ, ಅತ್ತ.

ಹೆಸರು ಗಗನ. ಕೇಳಿದವರಿಗೆ ಅವನು ಹೇಳುವುದು ದದನ.
ಹಿಂದಿನ ಬೆಂಚು ಅದಕ್ಕೆ ತಾಳ ಹಾಕಿತು,
ದ ದ ನ, ದ ದ ನ,
ಆ ವಾರದಿಂದ ಹಾಜರಿಗೆ ಕೈ ಮಾತ್ರ ಎತ್ತಿದ.

ಶನಿವಾರ ಅಮ್ಮನಿಗೆ ಬೀಡಿಯ ಲೆಕ್ಕ ಒಪ್ಪಿಸುವ ದಿನ.
ನನಗೆ ಪ್ಲಸ್ ಟುವಿಗೆ ರಜೆ.
ಬದಿಯಡ್ಕದಿಂದ ಒಂಬತ್ತೂಕಾಲರ ಬಸ್ಸಿಗೆ
ಅವನ ಕೈ ಹಿಡಿದು ಹತ್ತುವವಳು ನಾನೇ.

ಕಾಸರಗೋಡಿನ ಆಸ್ಪತ್ರೆಯ ಫಾರಮಿನಲ್ಲಿ
ಮನೆಮಾತು ಎಂಬುದರ ಮುಂದೆ ಬೆರಳಷ್ಟೇ ಜಾಗ.
ತುಳು ಎಂದು ಬರೆದೆ. ಅಜ್ಜಿಯದು ಮರಾಟಿ. ಶಾಲೆ ಕನ್ನಡ.
ಅಂಗಡಿ, ಬಸ್ಸು, ಟೀವಿ ಎಲ್ಲ ಮಲಯಾಳ.
ಅಕ್ಷರ ಗೆರೆ ದಾಟಿ ಕಾಗದದ ಅಂಚಿಗೆ ತಾಗಿತು.
"ಇಷ್ಟು ಭಾಷೆ ತುರುಕಿದರೆ ನಾಲಿಗೆಗೆ ಉಸಿರೆಲ್ಲಿ?"
ಆಚೆಮನೆಯವರು ಕೇಳಿದ್ದರು. ನಾನೂ ಅದನ್ನೇ ಕೇಳಿದೆ.
ಭಾಷೆಯದ್ದೇನಲ್ಲ, ಎಂದರು ಪ್ರಜಿಷಾ ಟೀಚರು,
ನಾಲಿಗೆಯ ಹಿಂಬದಿ ಇನ್ನೂ ಏಳಲು ಕಲಿತಿಲ್ಲ, ಅಷ್ಟೆ.

ಅವರು ಪಯ್ಯನ್ನೂರಿನವರು. ಚಿತ್ರದ ಕಾರ್ಡು ಎತ್ತಿ
"ಕಾಕ್ಕ" ಎಂದರು.
ಗಗನ ತುಸು ಯೋಚಿಸಿ, ಮರುಕದಿಂದ,
"ತಾತ್ತ ಅಲ್ಲ ಟೀಚರ್. ತಾದೆ."
ಅವರು ಪುಸ್ತಕದಲ್ಲಿ ಬರೆದುಕೊಂಡರು: ಕಾಗೆ.

ಅಂಗಾತ ಮಲಗಿಸಿ, ಸೂರು ನೋಡಿಸಿ,
ಒಂದು ಗುಟುಕು ನೀರು ಗಂಟಲಲ್ಲಿ ಗಳಗಳ ಆಡಿಸಿ,
ಚಮಚದ ಹಿಡಿಯಿಂದ ನಾಲಿಗೆಯ ತುದಿ ಒತ್ತಿ: ಈಗ ಹೇಳು.
ಮನೆಯಲ್ಲಿ ಆ ಕೆಲಸ ನನ್ನದು. ಒಮ್ಮೆ ಜೋರಾಗಿ ಒತ್ತಿದೆ.
ಪರೀಕ್ಷೆ ಹತ್ತಿರವಿತ್ತು.
ಅದು ಕಾರಣವಲ್ಲ. ಅವನಿಗೂ ಗೊತ್ತು.

ಆ ರಾತ್ರಿ ನನ್ನ ಬೆನ್ನಿಗೆ ಬೆನ್ನು ಹಚ್ಚಿ ಮಲಗಿ
"ಅತ್ತ" ಎಂದ.
ಕರೆದನೋ, ಸುದ್ದಿ ಹೇಳಿದನೋ.

ಹದಿಮೂರನೆಯ ಶನಿವಾರ
ಮೀನಿನ ಮುಳ್ಳು ಕಿತ್ತು ಬಂದಂತೆ ಒಂದು ಕ ಹೊರಬಿತ್ತು.
ಆಮೇಲೆ ಎಲ್ಲವೂ ಕ. ತಟ್ಟೆ ಕಟ್ಟೆಯಾಯಿತು, ತಲೆ ಕಲೆ,
ಪಾಠದ ತಾಯಿ ಕಾಯಿ.
ಟೀಚರು ನಕ್ಕರು: ಇರಲಿ ಬಿಡು,
ಹೊಸ ಬೀಗದಕೈ ಸಿಕ್ಕವನು ಎಲ್ಲ ಬಾಗಿಲಿಗೂ ಹಾಕಿ ನೋಡುತ್ತಾನೆ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಎಣಿಸುತ್ತಿದ್ದೆ.
ಹಿಂದಿನಿಂದ ಯಾರೋ "ಅಕ್ಕಾ" ಎಂದರು.
ಯಾರದೋ ತಮ್ಮ, ಅಂದುಕೊಂಡೆ. ಎಣಿಕೆ ಮುಗಿದಿರಲಿಲ್ಲ.
ಮತ್ತೆ, "ಅಕ್ಕಾ."
ಮೂರನೆಯ ಸಲ ಅವನಿಗೆ ಸಿಟ್ಟು ಬಂದು
ನನ್ನ ಚೀಲ ಜಗ್ಗಿ
ಹಳೆಯ ಹೆಸರಲ್ಲೇ ಕೂಗಿದ.

ತಿರುಗಿದೆ.