ಗೇಟು ಹಾಕಿದೆ

ಗೇಟು ಹಾಕಿದೆ. ಎಂಜಿನ್ನು ಆರಿಸಿ ಕೂತೆ.
ಕೆಂಪು ದೀಪಗಳೆರಡು ಸರದಿಯಲ್ಲಿ ಕಣ್ಣು ಮಿಟುಕಿಸಿ
ಡಣ್ ಡಣ್ ಡಣ್.
ಸವಾನಾ ಬಂದರಿನ ಕಂಟೇನರುಗಳು, ಒಂದರ ಮೇಲೊಂದು,
ಊರಿಗಿಂತ ಉದ್ದದ ರೈಲು:
ತಲೆ ಕೋಳಿ ಕಾರ್ಖಾನೆ ದಾಟಿದರೂ
ಬಾಲ ಇನ್ನೂ ಬ್ಯಾಪ್ಟಿಸ್ಟರ ಗೋರಿಗಳ ಹತ್ತಿರ.

ಎಣಿಸುತ್ತೇನೆ. ಅಮ್ಮನಿಂದ ಬಂದ ಚಟ.
ಡಜನ್ನಿಗೆ ಇಷ್ಟು ಸೆಂಟು ಎಂದು ಅವಳಿಗೆ ಕೂಲಿ,
ಕಾಲುಚೀಲದ ಬೆರಳತುದಿ ಮುಚ್ಚುವ ಕೆಲಸ,
ಅಗೋ, ಕಿಟಕಿಗೆ ಇಟ್ಟಿಗೆ ಕಟ್ಟಿದ ಆ ಗಿರಣಿಯಲ್ಲಿ.
ಮನೆಗೆ ಬಂದರೂ ಕೈ ನಿಲ್ಲುತ್ತಿರಲಿಲ್ಲ.
ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ ಹೊತ್ತಿಗೆ
ಹೆಬ್ಬೆರಳು ತೋರುಬೆರಳ ನಡುವೆ
ಇಲ್ಲದ ಎಳೆಯೊಂದನ್ನು ಹೊಸೆಯುತ್ತಿದ್ದಳು.

ನಮ್ಮ ಮನೆಯಲ್ಲಿ ಜೋಡಿ ಅನ್ನುವುದೇ ಇರಲಿಲ್ಲ.
ಕುಂದಿದ್ದವು ಕೆಲಸದವರಿಗೆ ತೂಕದ ಲೆಕ್ಕ;
ಇಡೀ ಶಾಲೆಗೇ ಬಲಗಾಲು ನೀಲಿ, ಎಡಗಾಲು ಬೂದು.
ಹೊರಗಿನಿಂದ ಬಂದ ಪಿಂಕರ್ಡ್ ಮೇಷ್ಟ್ರು
ಮೊದಲ ದಿನ ನಕ್ಕರು.
ಕ್ರಿಸ್‌ಮಸ್ಸಿಗೆ ಅವರದೂ ಹಾಗೇ.

ಅದಕ್ಕೂ ಮೊದಲು ಇಲ್ಲಿ ಪೈನ್ ಮರದ ಅಂಟು.
ತಾತ ಕ್ಲೀಟಸ್ ಮರದ ಮೈ ಕೆತ್ತಿ ಬಟ್ಟಲು ಕಟ್ಟುತ್ತಿದ್ದ.
ಟರ್ಪೆಂಟೈನ್ ಪೀಪಾಯಿ ಹೇರಿಕೊಳ್ಳಲು ರೈಲು ನಿಂತಿತು,
ನಿಂತದ್ದಕ್ಕೆ ಊರಾಯಿತು,
ಬೈನಮ್ ಸ್ವಿಚ್ ಅಂದರು.
ಸ್ವಿಚ್ಚು ಕಿತ್ತೊಯ್ದು ಇಪ್ಪತ್ತು ವರ್ಷ,
ಹೆಸರು ಕೀಳಲು ಇನ್ನೂ ಯಾರೂ ಬಂದಿಲ್ಲ.

ಗಿರಣಿ ಹೊಂಡುರಾಸಿಗೆ ಹೋಯಿತು.
ಯಂತ್ರ ಕಟ್ಟಿ ಕಳಿಸಲು ದಿನಗೂಲಿಗೆ ಅಮ್ಮನನ್ನೇ ಕರೆದರು.
ಹೋದಳು. ನಾನು ಮಾತು ಬಿಟ್ಟೆ ಒಂದು ವಾರ.
ಅವಳು ಎಣ್ಣೆ ಹಾಕಿ, ಸೂಜಿ ಒರೆಸಿ,
‘ಹನ್ನೊಂದನೆಯದು ತುಸು ಸೊಟ್ಟ, ಅಲ್ಲಿ ಮೆಲ್ಲಗೆ’
ಎಂದು ಚೀಟಿ ಬರೆದು ಒಳಗಿಟ್ಟಳಂತೆ.
ಅಲ್ಲಿ ಯಾರು ಓದುತ್ತಾರೆ ಇಂಗ್ಲಿಷು, ಅಂದೆ.
ಸೂಜಿ ಓದಲು ಬರುತ್ತದಲ್ಲ, ಅಂದಳು.

ಈಗ ಕೋಳಿಯ ಸಾಲಿನಲ್ಲಿ ನನ್ನ ಪಕ್ಕಕ್ಕೆ ಡಿಲ್ಸಿಯಾ.
ಅವಳು ರೆಕ್ಕೆ, ನಾನು ತೊಡೆ.
ಕಿವಿಗೆ ಬಿರಡೆ, ಮೂಗಿಗೆ ಕ್ಲೋರಿನ್,
ನಿಮಿಷಕ್ಕೆ ನಲವತ್ತು ಕೊಕ್ಕೆ; ಮಾತಿಗೆಲ್ಲಿ ಜಾಗ.
ಹದಿನಾರಕ್ಕೇ ಕಾಲುಚೀಲದ ಕಾರ್ಖಾನೆ ಸೇರಿದ್ದಳಂತೆ,
ತನ್ನ ದೇಶದಲ್ಲಿ. ಆಮೇಲೆ ಅದೂ ಎಲ್ಲಿಗೋ ಹೋಯಿತಂತೆ.
ಮೊನ್ನೆ ಊಟದ ಬಿಡುವಿನಲ್ಲಿ ಕಂಡೆ:
ಗೋಡೆಗೊರಗಿ ಕಣ್ಣು ಮುಚ್ಚಿದ್ದಳು,
ಹೆಬ್ಬೆರಳು ತೋರುಬೆರಳು ಮಾತ್ರ ಎಚ್ಚರ.

ಕೇಳಬೇಕು, ಆ ಹನ್ನೊಂದನೆಯದರ ವಿಚಾರ.
ಕೇಳಿ ಏನು ಮಾಡಲಿ?

ನೂರ ನಲವತ್ತಮೂರೋ, ನಾಲ್ಕೋ.
ಹಿಂದಿನ ಟ್ರಕ್ಕು ಹಾರ್ನು ಹೊಡೆಯುತ್ತಿದೆ.
ಗೇಟು ಆಗಲೇ ಎದ್ದಿದೆ.