ಅಂಗುಲಕ್ಕೆ ಒಂದಡಿ

ಬ್ಲೌಸಿನ ಟೇಪಿನಲ್ಲೇ ಅಳೆದೆ ಅಂಗಡಿ ಮೆಟ್ಟಿಲು.
ಒಂದೊಂದೂ ಏಳಂಗುಲ.
ಏಳ್ಮೂರ್ಲ ಇಪ್ಪತ್ತೊಂದು.

ಮೊದಲು ಎರಡೇ ಇದ್ದವು.
ಸಮಸಂಖ್ಯೆಯ ಮೆಟ್ಟಿಲು ಲಕ್ಷ್ಮಿ ಹತ್ತೋಲ್ಲ
ಅಂತ ಯಾರೋ ಅಂದರು. ನೆಲ ಎತ್ತರಿಸಿ, ಟೈಲ್ಸ್ ಹಾಕಿಸಿ
ಮೂರನೆಯದನ್ನು ನಾನೇ ಕಟ್ಟಿಸಿದ್ದು.
ಲಕ್ಷ್ಮಿ ಬಂದಳೋ ಬಿಟ್ಟಳೋ,
ಖಜಾನೆ ಕಚೇರಿಯ ದಾಕ್ಷಾಯಿಣಿ ಮೇಡಮ್ಮು
ಕೆಳಗೇ ಉಳಿದರು.

ಮೂರು ವರ್ಷ,
ಮಂಡ್ಯದ ಪೇಟೆ ಬೀದಿಯ ಚರಂಡಿ ಪಕ್ಕ
ಗಾಲಿಗೆ ಬ್ರೇಕು ಹಾಕಿ "ಸರ್ವಕ್ಕಾ" ಅಂತ ಕೂಗೋರು.
ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಇಳಿದು
ಬಟ್ಟೆ, ಅಳತೆ ಬ್ಲೌಸು ಈಸಿಕೊಂಡು ಹತ್ತುತ್ತಿದ್ದೆ.
ಕಬ್ಬಿನ ಟ್ರ್ಯಾಕ್ಟರು ಬಂದರೆ
ಇಬ್ಬರೂ ಮಾತು ನಿಲ್ಲಿಸೋದು.
ಹೊಲಿದದ್ದು ಪ್ರತಿಸಲ ಕಂಕುಳಲ್ಲಿ ಬಿಡುತ್ತಿತ್ತು.
ನೂಲು ಸರಿಯಿಲ್ಲ ಅಂತ
ನೂಲಿನಂಗಡಿಯವನ ಜೊತೆ ಜಗಳವಾಡಿದೆ.

ಗೌರಿಹಬ್ಬದ ಹಿಂದಿನ ವಾರ ಕೇಳಿದರು,
"ನಿಮ್ಮ ಅಂಗಡೀಲಿ ಕನ್ನಡಿ ಐತಾ?"
ಆಳುದ್ದ ಐತೆ ಅಂದೆ.
ಅಂದ ಮೇಲೆ ನಾಲಗೆ ಒಣಗಿತು.

ವೆಲ್ಡಿಂಗ್ ಸನಾವುಲ್ಲಾ ಬಂದು ನೋಡಿದ.
ಕಬ್ಬಿಣದ ಪ್ಲೇಟು, ಬೆಳಿಗ್ಗೆ ಇಡಿ, ರಾತ್ರಿ ಎತ್ತಿ ಒಳಗಿಡಿ.
ಬಿಸಿಲಿಗೆ ಕಾವಲಿ ಆಗ್ತದಲ್ಲ ಸಾಬ್ರೇ?
"ದೋಸೆ ಹುಯ್ಕಳಿ" ಅಂತ ನಕ್ಕ.
ಮಡಚೋ ಅಲ್ಯೂಮಿನಿಯಮ್ಮಿನದು ಮೈಸೂರಲ್ಲಿ ಸಿಗುತ್ತಂತೆ.
ಬೆಲೆ ಕೇಳಿ, ಎಷ್ಟು ಸೀರೆಗೆ ಫಾಲ್ ಹಾಕಬೇಕು
ಅಂತ ಎಣಿಸುತ್ತಾ ಎಣಿಸುತ್ತಾ ಮಲಗಿಬಿಟ್ಟೆ.
ಸೈಕಲ್ ಶಾಪಿನ ಹುಡುಗ ಸ್ಕೂಟರ್ ಹತ್ತಿಸೋ ಹಲಗೆ ತಂದ,
ಆರೇ ಅಡಿ. "ಇದು ಜಾರುಬಂಡೆ ಕಣಪ್ಪ" ಅಂದರು ಮೇಡಮ್ಮು.
ಹಿಂದಿನ ಸಂದಿ ಕಡೆ ಒಂದು ಬಾಗಿಲಿದೆಯಲ್ಲ,
ಬಚ್ಚಲು ದಾಟಿಕೊಂಡು,
ಅಂದದ್ದು ಕಟ್ಟಡದ ಮಾಲೀಕರು.

ಮೇಡಮ್ಮು ಉತ್ತರ ಕೊಡಲಿಲ್ಲ.
ನನ್ನ ಕೊರಳ ಟೇಪು ಎಳಕೊಂಡು
ತಾವೇ ಬಗ್ಗಿ ಅಳೆದರು.
"ಅಂಗುಲ ಎತ್ತರಕ್ಕೆ ಒಂದಡಿ ಉದ್ದ.
ಕಡಿದು ಮಾಡಿದರೆ ಹಿಂದೆ ತಳ್ಳೋರು ಬೇಕು.
ಬಾಗಿಲ ಮುಂದೆ ಗಾಲಿ ತಿರುಗೋಕೆ ಐದಡಿ ಚಪ್ಪಟೆ."

ಇಪ್ಪತ್ತೊಂದಡಿ, ಮೇಲೊಂದು ಐದು.
ನನ್ನ ಅಂಗಡಿಯ ಮುಂಭಾಗ ಹನ್ನೆರಡು.

ಆ ರಾತ್ರಿ ಷಟರ್ ಎಳೆದು, ಮೂರನೇ ಮೆಟ್ಟಿಲ ಮೇಲೆ
ಬಹಳ ಹೊತ್ತು ಕೂತಿದ್ದೆ.
ಬೆಳಿಗ್ಗೆ ಗಾರೆ ಕರಿಯಯ್ಯನಿಗೆ ಹೇಳಿದೆ:
ಒಡಿ. ನೆಲಾನೂ ಮೊದಲಿನ ಮಟ್ಟಕ್ಕೇ ಇಳಿಸು.
ಹೊಸ ಟೈಲ್ಸು ಚಟಾರನೆ ಸೀಳುವಾಗ
ಕಣ್ಣು ಮುಚ್ಚಿ ಕಾಜಾ ಹೊಲಿದೆ, ಎರಡು ತಪ್ಪಿದವು.
ಹದಿನಾಲ್ಕಕ್ಕೆ ಬಂತು.
ಉಳಿದ ಏಳಡಿ ಕಾಫಿಪುಡಿ ಬೋರಲಿಂಗಯ್ಯನ ಮುಂದಿನದು.
ಒಂದು ದಿನ ಮುಖ ಗಂಟಿಕ್ಕಿದ.
ಮಾರನೇ ದಿನ, "ನನ್ನ ಮೂಟೆ ಗಾಡೀನೂ ಹತ್ತುತ್ತಾ?" ಅಂದ.

ಹಸಿ ಸಿಮೆಂಟಿನ ಮೇಲೆ ಕಡ್ಡಿಪೊರಕೆ ಎಳೆದ ಕರಿಯಯ್ಯ,
ಗಾಲಿ ಜಾರದಿರಲಿ ಅಂತ, ಪಿಕೋ ಮಾಡಿದ ಹಾಗೆ.
ಗೋಣಿ ಹಾಸಿ ಏಳು ದಿನ ನೀರು ಹುಯ್ದೆ.
ಮೊದಲು ಹತ್ತಿದ್ದು ಬೀದಿನಾಯಿ,
ಆಮೇಲೆ ಕಾಫಿ ಮೂಟೆ,
ಮಂಡಿನೋವಿನ ಕೆಂಪಾಜಮ್ಮ, "ಇದನ್ನ ನನಗೇ ಕಟ್ಟಿಸಿದೆಯಾ ಮಗ" ಅಂತ.

ದೀಪಾವಳಿಗೆ ಮುಂಚಿನ ಶನಿವಾರ ಮೇಡಮ್ಮು ಬಂದರು.
ಉಸಿರು ಕೇಳುತ್ತಿತ್ತು.
ತಳ್ಳಿಬಿಟ್ಟೇನು ಅಂತ
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಪರದೆ ಎಳೆದು ಮೊದಲ ಸಲ ಟೇಪು ಸುತ್ತಿದೆ.
ಅಳತೆ ಬ್ಲೌಸು ಅವರು ನಡೆಯುತ್ತಿದ್ದಾಗಿನದು.
ರಟ್ಟೆ ಎರಡೂವರೆ ಅಂಗುಲ ಜಾಸ್ತಿ,
ಭುಜ ಒಂದೂವರೆ.
ಪಾಪ, ನೂಲಿನಂಗಡಿಯವನು.

"ಕೈ ಗಾಲಿ ಮೇಲಿಡಿ, ತಳ್ಳೋ ಹಂಗೆ"
ಅಂತ ಇನ್ನೊಮ್ಮೆ ಅಳೆದು ಬರಕೊಂಡೆ.
ಅವರು ಕನ್ನಡಿ ನೋಡುತ್ತಿದ್ದರು,
ನನ್ನನ್ನಲ್ಲ.

"ಹಬ್ಬಕ್ಕೆ ಕೊಡ್ತೀರಾ?"
ಎಲ್ಲರಿಗೂ ಹೇಳೋ ಸುಳ್ಳನ್ನೇ ಹೇಳಿದೆ:
ನಾಳೆ ಬನ್ನಿ.